ಕಣ್ಣು ಉಳಿಸೋದಾ, ತೆಗೆಸೋದಾ? ಮಗುವಿನ ಕಣ್ಣಿನ ಕ್ಯಾನ್ಸರ್‌ಗೆ ಇರುವ ದಾರಿಗಳನ್ನು ಹೋಲಿಸಿ ನೋಡುವ ಬಗೆ

ಡಾಕ್ಟರ್ ಎದುರು ಕೂತ ಅಪ್ಪ ಅಮ್ಮ ಮೊದಲು ಕೇಳುವುದು ಒಂದೇ ಮಾತು: "ಕಣ್ಣು ಉಳಿಯುತ್ತಾ?" ನಾನೂ ಅದನ್ನೇ ಕೇಳಿದ್ದೆ. ಕೇಳಬೇಕಾಗಿದ್ದ ಬೇರೆ ನಾಲ್ಕೈದು ಪ್ರಶ್ನೆಗಳು ತಲೆಗೆ ಹೊಳೆಯುವಷ್ಟರಲ್ಲಿ ಮೂರು ವಾರ ಕಳೆದಿತ್ತು. ರೆಟಿನೋಬ್ಲಾಸ್ಟೋಮಾ ಅನ್ನುವ ಹೆಸರನ್ನು ಈ ವಾರವಷ್ಟೇ ಮೊದಲ ಸಲ ಕೇಳಿ, ರಾತ್ರಿ ಎರಡು ಗಂಟೆಗೆ ನಿದ್ದೆ ಬಾರದೆ ಹುಡುಕುತ್ತಾ ಕೂತಿದ್ದೀರಲ್ಲ, ನಿಮಗಾಗಿ ಆ ಪ್ರಶ್ನೆಗಳನ್ನು ಬರೆದಿಡುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಈ ದಾರಿಯಲ್ಲಿ ನಡೆದ ಒಬ್ಬ ಅಪ್ಪ, ಅಷ್ಟೇ. ಕೊನೆಯ ಮಾತು ನಿಮ್ಮ ಮಗುವಿನ ಕಣ್ಣನ್ನು ಅರಿವಳಿಕೆ ಕೊಟ್ಟು ಒಳಗೆ ನೋಡಿದವರದ್ದೇ ಆಗಿರಬೇಕು.

ಮಗನಿಗೆ ಆಗ 2 ವರ್ಷ 2 ತಿಂಗಳು. ಫ್ಲ್ಯಾಶ್ ಹಾಕಿ ತೆಗೆದ ಫೋಟೋಗಳಲ್ಲಿ ಬಲಗಣ್ಣಿನ ಪಾಪೆ ಕೆಂಪಾಗಿ ಬರುತ್ತಿತ್ತು. ಎಡಗಣ್ಣಿನದು ಮಾತ್ರ ಬೆಳ್ಳಗೆ, ಕತ್ತಲಲ್ಲಿ ಬೆಕ್ಕಿನ ಕಣ್ಣು ಹೊಳೆಯುತ್ತಲ್ಲ, ಹಾಗೆ. ಕ್ಯಾಮೆರಾ ಸರಿಯಿಲ್ಲ ಅಂದುಕೊಂಡೆವು. ಆಮೇಲೆ ಅದೇ ಕಣ್ಣು ಸ್ವಲ್ಪ ಓರೆಯಾಗತೊಡಗಿತು. ತೋರಿಸಿದ ಮೊದಲ ಡಾಕ್ಟರ್ ಪಾಪೆ ಹಿಗ್ಗಿಸುವ ಹನಿಯನ್ನೂ ಹಾಕದೆ "ಮೆಳ್ಳೆಗಣ್ಣು, ಬೆಳೀತಾ ಸರಿಹೋಗುತ್ತೆ" ಅಂದರು. ನಾಲ್ಕು ತಿಂಗಳು ಹಾಗೇ ಹೋಯಿತು. ಅವರನ್ನು ಬೈದು ಪ್ರಯೋಜನ ಇಲ್ಲ ಬಿಡಿ, ಸುಮಾರು 16,000ದಿಂದ 18,000 ಹೆರಿಗೆಗೆ ಒಂದು ಮಗುವಿಗೆ ಬರುವ ಕಾಯಿಲೆ ಇದು, ಅವರ ಇಡೀ ವೃತ್ತಿಯಲ್ಲಿ ಇಂಥ ಮಗು ಒಂದೋ ಎರಡೋ ಸಿಕ್ಕೀತು. ಆದರೂ ಹೊಟ್ಟೆ ಉರಿಯುತ್ತೆ.

ಮೊದಲು ಒಂದು ಲೆಕ್ಕ

ಪ್ರಪಂಚದಲ್ಲಿ ವರ್ಷಕ್ಕೆ 8,000ಕ್ಕೂ ಹೆಚ್ಚು ಮಕ್ಕಳಿಗೆ ಈ ಕ್ಯಾನ್ಸರ್ ಬರುತ್ತದೆ. ಬಡ ದೇಶಕ್ಕೂ ಶ್ರೀಮಂತ ದೇಶಕ್ಕೂ ಕಾಯಿಲೆ ಬರುವ ಪ್ರಮಾಣ ಹೆಚ್ಚುಕಡಿಮೆ ಒಂದೇ. ಬದುಕುಳಿಯುವ ಪ್ರಮಾಣ ಮಾತ್ರ ಒಂದೇ ಅಲ್ಲ. 2017ರಲ್ಲಿ ಪತ್ತೆಯಾದ 4,351 ಮಕ್ಕಳ ವಿವರವನ್ನು 153 ದೇಶಗಳಿಂದ ಒಟ್ಟುಮಾಡಿದ ದೊಡ್ಡ ಅಧ್ಯಯನ ಒಂದಿದೆ. ಆ ವರ್ಷ ಇಡೀ ಲೋಕದಲ್ಲಿ ಬಂದ ಹೊಸ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದರಲ್ಲಿ ಸೇರಿವೆ ಅನ್ನುವ ಅಂದಾಜು. ಶ್ರೀಮಂತ ದೇಶಗಳಲ್ಲಿ ಕಾಯಿಲೆ ಗೊತ್ತಾಗುವಾಗ ಮಗುವಿನ ವಯಸ್ಸು ನಡುಲೆಕ್ಕಕ್ಕೆ 14.1 ತಿಂಗಳು, ಕಡುಬಡ ದೇಶಗಳಲ್ಲಿ 30.5 ತಿಂಗಳು. ಒಂದೂಕಾಲು ವರ್ಷಕ್ಕಿಂತ ಜಾಸ್ತಿ ಅಂತರ. ಆ ಅಂತರದಲ್ಲಿ ಗಡ್ಡೆ ಸುಮ್ನೆ ಕೂರುವುದಿಲ್ಲ. ಕಡುಬಡ ದೇಶಗಳಲ್ಲಿ 49.1% ಮಕ್ಕಳು ಬರುವಾಗಲೇ ಗಡ್ಡೆ ಕಣ್ಣುಗುಡ್ಡೆ ದಾಟಿ ಹೊರಗೆ ಬಂದಿತ್ತು. ಶ್ರೀಮಂತ ದೇಶಗಳಲ್ಲಿ ಆ ಸಂಖ್ಯೆ 1.5%.

ಅದೇ ಗುಂಪಿನವರು ಮೂರು ವರ್ಷದ ನಂತರ ಮತ್ತೆ ಲೆಕ್ಕ ತೆಗೆದರು. ಶ್ರೀಮಂತ ದೇಶಗಳಲ್ಲಿ 99.5% ಮಕ್ಕಳು ಬದುಕಿದ್ದರು. ಕಡುಬಡ ದೇಶಗಳಲ್ಲಿ 57.3%. ನಡುವಿನ ದೇಶಗಳು ನಡುವೆ, ಮೇಲು ಮಧ್ಯಮ ಆದಾಯದ ದೇಶಗಳಲ್ಲಿ 91.2%, ಕೆಳ ಮಧ್ಯಮ ಆದಾಯದವುಗಳಲ್ಲಿ 80.3%. ಈ ಸಂಖ್ಯೆಗಳನ್ನು ಹೆದರಿಸೋಕೆ ಬರೆಯಲಿಲ್ಲ. ಮುಂದೆ ಬರುವ ಹೋಲಿಕೆಗೆ ಅಳತೆಗೋಲು ಇಲ್ಲೇ ಇದೆ. ಇದಕ್ಕೆ ಕೊಡುವ ಕಾರ್ಬೋಪ್ಲಾಟಿನ್, ಎಟೊಪೊಸೈಡ್, ವಿನ್‌ಕ್ರಿಸ್ಟಿನ್ ಹಳೆಯ ಕೀಮೋ ಔಷಧಿಗಳು, ಅಂದರೆ ಕ್ಯಾನ್ಸರ್ ಕಣಗಳನ್ನು ಕೊಲ್ಲುವಂಥವು, ಮೂರೂ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಕಣ್ಣು ತೆಗೆಯುವ ಸರ್ಜರಿ ಗೊತ್ತಿರುವವರು ಬಹಳ ಕಡೆ ಇದ್ದಾರೆ. ಇಷ್ಟಿದ್ದೂ ಮಕ್ಕಳು ಸಾಯುವುದು ತಡವಾಗಿ ಬಂದದ್ದರಿಂದ ಮತ್ತು, ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ, ಕಣ್ಣು ತೆಗೆಯಬೇಕು ಅಂದ ದಿನವೇ ಮಗುವನ್ನು ಎತ್ತಿಕೊಂಡು ವಾಪಸ್ ಹೋಗಿಬಿಡುವುದರಿಂದ. ಚಿಕಿತ್ಸೆ ಅರ್ಧಕ್ಕೆ ಬಿಡುವುದು ಈ ಕಾಯಿಲೆಯಲ್ಲಿ ಎಷ್ಟು ದೊಡ್ಡ ಸಮಸ್ಯೆ ಅಂದರೆ ಅದನ್ನೇ ಬೇರೆಯಾಗಿ ಎಣಿಸುವ ಅಧ್ಯಯನಗಳಿವೆ.

ಹಾಗಾಗಿ ನಾನು ಪ್ರತಿ ದಾರಿಯನ್ನೂ ಎರಡು ಪ್ರಶ್ನೆ ಇಟ್ಟು ತೂಗುತ್ತೇನೆ. ಇದನ್ನು ಬೇಗ ಶುರು ಮಾಡೋಕೆ ಆಗುತ್ತಾ? ಶುರು ಮಾಡಿದ್ದನ್ನು ಮುಗಿಸೋಕೆ ಆಗುತ್ತಾ? ಯಾವುದು ಹೊಸದು, ಯಾವುದು ದುಬಾರಿ ಅನ್ನುವುದೆಲ್ಲ ಆಮೇಲೆ.

ಅಕ್ಷರ ಕೇಳಿಕೊಂಡು ಬನ್ನಿ

ಡಾಕ್ಟರ್ ಹತ್ತಿರ "ಯಾವ ಗುಂಪು?" ಅಂತ ಕೇಳಿ. ಎ ಇಂದ ಇ ವರೆಗೆ ಐದು ಗುಂಪುಗಳಿವೆ. ಎ ಅಂದರೆ 3 ಮಿಲಿಮೀಟರ್‌ಗಿಂತ ಚಿಕ್ಕ ಗಡ್ಡೆ, ನೋಟದ ಮುಖ್ಯ ಜಾಗದಿಂದ ದೂರ. ಬಿ ಅದಕ್ಕಿಂತ ದೊಡ್ಡದು ಅಥವಾ ಆ ಜಾಗಕ್ಕೆ ಹತ್ತಿರ. ಸಿ ಯಲ್ಲಿ ಗಡ್ಡೆಯ ಪುಡಿ ಪಕ್ಕದಲ್ಲೇ ಉದುರಿರುತ್ತದೆ, ಡಿ ಯಲ್ಲಿ ಕಣ್ಣಿನ ತುಂಬ ಹರಡಿರುತ್ತದೆ ಅಥವಾ ರೆಟಿನಾ, ಅಂದರೆ ಕಣ್ಣಿನ ಒಳಗೋಡೆಯ ಬೆಳಕು ಹಿಡಿಯುವ ಪದರ, ಕಿತ್ತು ಬಂದಿರುತ್ತದೆ. ಇ ಅಂದರೆ ಕಣ್ಣು ಹಾಳಾಗಿದೆ ಅಂತ. ಒಂದು ಕಿರಿಕಿರಿ ಇದೆ ಇಲ್ಲಿ: ಈ ಗುಂಪು ಮಾಡುವ ಪದ್ಧತಿ ಒಂದಕ್ಕಿಂತ ಹೆಚ್ಚು ರೂಪದಲ್ಲಿ ಬಳಕೆಯಲ್ಲಿದೆ, ಹಾಗಾಗಿ ಒಂದು ಆಸ್ಪತ್ರೆಯ ಡಿ ಇನ್ನೊಂದು ಆಸ್ಪತ್ರೆಯಲ್ಲಿ ಇ ಆಗಬಹುದು. ಎರಡನೇ ಅಭಿಪ್ರಾಯಕ್ಕೆ ಹೋದಾಗ ಬೇರೆ ಅಕ್ಷರ ಹೇಳಿದರು ಅಂತ ಗಾಬರಿ ಬೀಳಬೇಡಿ, ಯಾವ ಪದ್ಧತಿ ಅಂತ ಕೇಳಿ.

ಇನ್ನೊಂದು ಮಾತು. ಬೇರೆ ಕ್ಯಾನ್ಸರ್‌ಗಳಲ್ಲಿ ಸೂಜಿ ಚುಚ್ಚಿ ತುಂಡು ತೆಗೆದು ಪರೀಕ್ಷೆ ಮಾಡುತ್ತಾರಲ್ಲ, ಇಲ್ಲಿ ಗಡ್ಡೆಗೆ ಹಾಗೆ ಮಾಡುವುದಿಲ್ಲ. ಸೂಜಿ ಹೋದ ದಾರಿಯಲ್ಲೇ ಕ್ಯಾನ್ಸರ್ ಕಣಗಳು ಹೊರಗೆ ಬರಬಹುದು ಅನ್ನುವ ಭಯ. ಅರಿವಳಿಕೆಯಲ್ಲಿ ಕಣ್ಣಿನ ಪರೀಕ್ಷೆ, ಅಲ್ಟ್ರಾಸೌಂಡ್‌ನಲ್ಲಿ ಕಾಣುವ ಸುಣ್ಣದ ಚುಕ್ಕೆಗಳು, ಎಂಆರ್‌ಐ, ಇಷ್ಟರಲ್ಲೇ ತೀರ್ಮಾನ ಆಗುತ್ತದೆ. "ಬಯಾಪ್ಸಿ ಇಲ್ದೆ ಹೇಗೆ ಕ್ಯಾನ್ಸರ್ ಅಂತೀರಿ?" ಅಂತ ನನ್ನ ಭಾವ ಡಾಕ್ಟರ್ ಜೊತೆ ಜಗಳಕ್ಕೇ ನಿಂತಿದ್ದ. ಪಾಪ, ಅವನ ಅನುಮಾನ ಸಹಜವೇ. ಬಿಳಿ ಪಾಪೆಗೆ ಪೊರೆ, ರೆಟಿನಾದ ರಕ್ತನಾಳ ಸೋರುವ ಕೋಟ್ಸ್ ಕಾಯಿಲೆ ಅಂತ ಬೇರೆ ಕಾರಣಗಳೂ ಇವೆ, ಅದಕ್ಕೇ ಈ ಕಾಯಿಲೆಯನ್ನು ಪದೇ ಪದೇ ನೋಡುವವರ ಹತ್ತಿರವೇ ಹೋಗಬೇಕು.

ತೆಗೆಸುವುದು ಮತ್ತು ಉಳಿಸುವುದು

ಒಂದೇ ಕಣ್ಣಿನಲ್ಲಿ ಕಾಯಿಲೆ ಇದ್ದು, ಗುಂಪು ಇ ಆಗಿದ್ದರೆ, ನನ್ನ ಮಟ್ಟಿಗೆ ಇಲ್ಲಿ ಹೋಲಿಕೆ ಮಾಡೋಕೆ ಜಾಸ್ತಿ ಏನೂ ಇಲ್ಲ. ತೆಗೆಸಿ. ಕಟುವಾಗಿ ಕೇಳಿಸುತ್ತೆ ಅಂತ ಗೊತ್ತು. ಆದರೆ ಗಡ್ಡೆ ಕಣ್ಣಿನ ಒಳಗೇ ಇರುವಾಗ ತೆಗೆಸಿದ, ಒಂದೇ ಕಣ್ಣಿಗೆ ಕಾಯಿಲೆ ಬಂದ ಮಕ್ಕಳಲ್ಲಿ 95%ಕ್ಕಿಂತ ಹೆಚ್ಚು ಜನ ಗುಣವಾಗುತ್ತಾರೆ, ಬಹಳಷ್ಟು ಮಕ್ಕಳಿಗೆ ಕೀಮೋ ಕೂಡ ಬೇಕಾಗುವುದಿಲ್ಲ. ಒಂದು ಸರ್ಜರಿ, ಸುಮಾರು ಒಂದು ಗಂಟೆ. ಉಳಿಸುವ ದಾರಿ ಹಿಡಿದರೆ ತಿಂಗಳುಗಟ್ಟಲೆ ಔಷಧಿ, ಹತ್ತಾರು ಸಲ ಅರಿವಳಿಕೆ, ಕೊನೆಗೆ ಉಳಿದ ಕಣ್ಣಿಗೆ ನೋಟವೇ ಇಲ್ಲದಿರಬಹುದು. ಆದ್ದರಿಂದ "ಕಣ್ಣು ಉಳಿಯುತ್ತಾ?" ಅನ್ನುವುದನ್ನು ಎರಡಾಗಿ ಒಡೆದು ಕೇಳಿ: ಕಣ್ಣುಗುಡ್ಡೆ ಉಳಿಯುತ್ತಾ, ಅದರಲ್ಲಿ ನೋಟ ಉಳಿಯುತ್ತಾ. ಗಡ್ಡೆ ರೆಟಿನಾದ ನಡುಮಧ್ಯದಲ್ಲಿ, ಮ್ಯಾಕ್ಯುಲಾ ಅನ್ನುವ ಜಾಗದಲ್ಲಿ ಕೂತಿದ್ದರೆ ಎರಡಕ್ಕೂ ಉತ್ತರ ಬೇರೆ ಬೇರೆ.

ತೆಗೆಸುವುದರಲ್ಲಿ ಇನ್ನೊಂದು ಲಾಭ ಇದೆ, ಅದು ನನಗೆ ಆಮೇಲೆ ಅರ್ಥವಾಯಿತು. ತೆಗೆದ ಕಣ್ಣನ್ನು ಪೂರ್ತಿಯಾಗಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕಣ್ಣಿನ ಹಿಂದಿನ ನರಕ್ಕೆ ಗಡ್ಡೆ ಎಷ್ಟು ದೂರ ಹೋಗಿದೆ, ಕತ್ತರಿಸಿದ ತುದಿ ಶುದ್ಧವಾಗಿದೆಯಾ, ರೆಟಿನಾದ ಹಿಂದಿನ ಪದರಕ್ಕೆ ಎಷ್ಟು ಇಳಿದಿದೆ ಅಂತ. ಅದಕ್ಕೇ ಒಳ್ಳೆಯ ಸರ್ಜನ್ ಆ ನರವನ್ನು ಉದ್ದಕ್ಕೆ, ಒಂದೂವರೆ ಸೆಂಟಿಮೀಟರ್‌ನಷ್ಟು ಸೇರಿಸಿ ಕತ್ತರಿಸೋಕೆ ನೋಡುತ್ತಾರೆ. ಆ ರಿಪೋರ್ಟ್ ಮೇಲೆ ಮುಂದೆ ಕೀಮೋ ಬೇಕಾ ಬೇಡವಾ ಅನ್ನುವುದು ನಿಂತಿದೆ. ಸರ್ಜರಿಗೆ ಸಹಿ ಹಾಕುವ ಮುಂಚೆ "ಕಣ್ಣನ್ನು ಪೆಥಾಲಜಿಗೆ ಕಳಿಸ್ತೀರಾ? ರಿಪೋರ್ಟ್ ಎಷ್ಟು ದಿನಕ್ಕೆ ಬರುತ್ತೆ?" ಅಂತ ಕೇಳಲೇಬೇಕು. ನಮ್ಮದು ಹತ್ತನೇ ದಿನಕ್ಕೆ ಬಂತು. ಆ ಹತ್ತು ದಿನ ಸರ್ಜರಿಯ ದಿನಕ್ಕಿಂತ ಕಷ್ಟದವು.

ಕೆಲವರು ನಡುದಾರಿ ಹುಡುಕುತ್ತಾರೆ. "ಮೊದಲು ನಾಲ್ಕು ಕೀಮೋ ಕೊಟ್ಟು ನೋಡೋಣ, ಆಗದಿದ್ದರೆ ತೆಗೆಸೋಣ" ಅಂತ. ಇ ಗುಂಪಿನ ಕಣ್ಣಿಗೆ ಇದು ಅಪಾಯದ ಆಟ. ಕೀಮೋ ಕೊಟ್ಟ ಮೇಲೆ ಗಡ್ಡೆ ಕುಗ್ಗಿ, ಎಲ್ಲೆಲ್ಲಿ ಹರಡಿತ್ತು ಅನ್ನುವ ಗುರುತೇ ಅಳಿಸಿಹೋಗುತ್ತದೆ, ಪೆಥಾಲಜಿ ರಿಪೋರ್ಟ್ ಚೆನ್ನಾಗಿದೆ ಅಂತ ಕಾಣುತ್ತದೆ, ಮುಂದಿನ ಚಿಕಿತ್ಸೆ ಕೈಬಿಟ್ಟುಹೋಗುತ್ತದೆ. ಚೀನಾದ ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇ ಗುಂಪಿನ ಕಣ್ಣನ್ನು ಕೀಮೋ ನೆಪದಲ್ಲಿ ಮೂರು ತಿಂಗಳಿಗಿಂತ ಹೆಚ್ಚು ತಡಮಾಡಿ ತೆಗೆಸಿದ ಮಕ್ಕಳಲ್ಲಿ ಕ್ಯಾನ್ಸರ್ ಹರಡಿ ಸತ್ತವರು ಹೆಚ್ಚು. ಕಣ್ಣು ಆಗಲೇ ಹೊರಗೆ ಉಬ್ಬಿ ಬಂದಿದ್ದರೆ ಮಾತು ಬೇರೆ, ಅಲ್ಲಿ ಮೊದಲು ಕೀಮೋ ಕೊಟ್ಟು ಕುಗ್ಗಿಸಿ ಆಮೇಲೆ ಸರ್ಜರಿ ಮಾಡುವುದೇ ಸರಿ. ಎರಡನ್ನೂ ಕಲಸಿಕೊಳ್ಳಬೇಡಿ.

ತೆಗೆಸಿದ ಮೇಲೆ ಮುಖ ಹೇಗಿರುತ್ತೆ? ಎಲ್ಲರ ಮನಸ್ಸಲ್ಲೂ ಇರುವ, ಕೇಳೋಕೆ ನಾಚಿಕೆಯಾಗುವ ಪ್ರಶ್ನೆ. ಕಣ್ಣುಗುಡ್ಡೆಯ ಜಾಗಕ್ಕೆ ಸರ್ಜರಿಯಲ್ಲೇ ಒಂದು ಗೋಲಿ ಇಟ್ಟು, ಕಣ್ಣನ್ನು ಆಡಿಸುವ ಸ್ನಾಯುಗಳನ್ನು ಅದಕ್ಕೆ ಜೋಡಿಸಿ ಮುಚ್ಚುತ್ತಾರೆ. ಇದಕ್ಕೆ ಇಂಪ್ಲಾಂಟ್ ಅನ್ನುತ್ತಾರೆ, ಇದು ಹೊರಗೆ ಕಾಣುವುದಿಲ್ಲ. ಅದರ ಮೇಲೆ ಆರೇಳು ವಾರ ಪಾರದರ್ಶಕ ಚಿಪ್ಪೊಂದು ಇರುತ್ತದೆ. ಗಾಯ ಮಾಗಿದ ಮೇಲೆ ಇನ್ನೊಂದು ಕಣ್ಣನ್ನು ನೋಡಿಕೊಂಡು ಬಣ್ಣ ಬರೆದ ಕೃತಕ ಕಣ್ಣು. ಅದನ್ನು ದಿನಾ ತೆಗೆದು ತೊಳೆಯಬೇಕು ಅಂತ ಬಹಳ ಜನ ಅಂದುಕೊಂಡಿದ್ದಾರೆ, ಬೇಕಿಲ್ಲ, ಜಾಸ್ತಿ ತೆಗೆದಷ್ಟೂ ಕಣ್ಣು ಕೆರಳುತ್ತದೆ. ವರ್ಷಕ್ಕೊಮ್ಮೆ ಪಾಲಿಶ್ ಮಾಡಿಸಬೇಕು, ಮಗು ಬೆಳೆದಂತೆ ಬದಲಾಯಿಸಬೇಕು. ಹಾಂ, ಬೀಳುತ್ತೆ. ಕಣ್ಣು ಜೋರಾಗಿ ಉಜ್ಜಿದರೆ ಟಪ್ ಅಂತ ಬೀಳುತ್ತೆ. ಮೊದಲ ಸಲ ಸೋಫಾದ ಸಂದಿಯಲ್ಲಿ ಬಿದ್ದಾಗ ನಾನು ಟಾರ್ಚ್ ಹಿಡಿದು ನಡುಗುವ ಕೈಯಲ್ಲಿ ಹುಡುಕುತ್ತಿದ್ದರೆ, ಮಗ ಪಕ್ಕದಲ್ಲಿ ಕೂತು "ಅಪ್ಪಾ, ಅದು ನಿನ್ನನ್ನೇ ನೋಡ್ತಿದೆ" ಅಂತ ನಗುತ್ತಿದ್ದ.

ರಕ್ತನಾಳದ ಕೀಮೋ, ಕಣ್ಣಿಗೇ ಕೊಡುವ ಕೀಮೋ

ಬಿ, ಸಿ, ಡಿ ಗುಂಪಿನವರಿಗೆ ನಿಜವಾದ ಆಯ್ಕೆಯ ತಲೆನೋವು ಇರುವುದು ಇಲ್ಲಿ.

ಹಳೆಯ ದಾರಿ ಕೈಯ ಅಥವಾ ಎದೆಯ ರಕ್ತನಾಳಕ್ಕೆ ಕೊಡುವ ಕೀಮೋ. ಮೇಲೆ ಹೇಳಿದ ಮೂರು ಔಷಧಿಗಳು, ಮೂರು ನಾಲ್ಕು ವಾರಕ್ಕೊಂದು ಸಲ, ಸಾಮಾನ್ಯವಾಗಿ ಆರು ಸಲ. ಗಡ್ಡೆ ಕುಗ್ಗಿದಂತೆ ಲೇಸರ್ ಅಥವಾ ಕ್ರಯೋದಿಂದ ಉಳಿದದ್ದನ್ನು ಸುಡುತ್ತಾರೆ ಅಥವಾ ಹೆಪ್ಪುಗಟ್ಟಿಸುತ್ತಾರೆ. ಎ, ಬಿ, ಸಿ ಗುಂಪಿನಲ್ಲಿ ಹತ್ತರಲ್ಲಿ ಒಂಬತ್ತು ಕಣ್ಣುಗಳಾದರೂ ಉಳಿಯುತ್ತವೆ, ಡಿ ಬಂದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಔಷಧಿ ಮೈಗೆಲ್ಲ ಹೋಗುವುದರಿಂದ ಕೂದಲು ಉದುರುತ್ತೆ, ರಕ್ತಕಣ ಇಳಿಯುತ್ತೆ, ಜ್ವರ 38 ಡಿಗ್ರಿ ಮುಟ್ಟಿದರೆ ಅರ್ಧರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ಕಾರ್ಬೋಪ್ಲಾಟಿನ್ ಕೆಲವು ಮಕ್ಕಳ ಕಿವಿಗೆ ಪೆಟ್ಟು ಕೊಡುತ್ತದೆ, ಹಾಗಾಗಿ ನಡುನಡುವೆ ಶ್ರವಣ ಪರೀಕ್ಷೆ ಮಾಡಿಸಿ, ಅವರಾಗಿಯೇ ಹೇಳದಿದ್ದರೆ ನೀವೇ ಕೇಳಿ. ಕಣ್ಣು ಕಡಿಮೆ ಕಾಣುವ ಮಗುವಿಗೆ ಕಿವಿಯೂ ಹೋದರೆ ಎಷ್ಟು ಕಷ್ಟ, ಅಲ್ವಾ.

ಹೊಸ ದಾರಿಯಲ್ಲಿ ತೊಡೆಯ ರಕ್ತನಾಳದಿಂದ ಕೂದಲಿನಂಥ ತೆಳ್ಳನೆಯ ನಳಿಕೆಯೊಂದನ್ನು ಏರಿಸಿ, ಕಣ್ಣಿಗೆ ರಕ್ತ ಒಯ್ಯುವ ನಾಳದ ಬಾಯಿಗೇ ತಂದು ಔಷಧಿ ಬಿಡುತ್ತಾರೆ. ಮೆಲ್ಫಲಾನ್ ಮುಖ್ಯ ಔಷಧಿ, ಬರೀ ಕೆಲವು ಮಿಲಿಗ್ರಾಂ. ಇದರ ಬೇರು ಜಪಾನಿನಲ್ಲಿದೆ. ಈಗಿನ ರೂಪಕ್ಕೆ ತಂದವರು ನ್ಯೂಯಾರ್ಕಿನ ಡೇವಿಡ್ ಅಬ್ರಾಮ್ಸನ್ ಮತ್ತು ಪಿಯರ್ ಗೋಬಿನ್, 2006ರಲ್ಲಿ. ಔಷಧಿಯ ಬಹುಪಾಲು ಕಣ್ಣಿಗೇ ಹೋಗುವುದರಿಂದ ಡಿ ಗುಂಪಿನ ಕಣ್ಣುಗಳು ಹಳೆಯ ಕೀಮೋಗಿಂತ ಹೆಚ್ಚು ಉಳಿಯುತ್ತವೆ, ಮೈಗೆ ತೊಂದರೆ ಕಡಿಮೆ, ತಿಂಗಳಿಗೊಂದರಂತೆ ಎರಡು ಮೂರು ಸಲದಲ್ಲಿ ಮುಗಿಯುವುದೂ ಉಂಟು.

ಕೇಳೋಕೆ ಹೊಸದೇ ಗೆದ್ದಂತೆ ಇದೆ. ಆದರೆ ನೋಡಿ. ಒಂದು, ಈ ಔಷಧಿ ಕಣ್ಣಿನಲ್ಲೇ ನಿಲ್ಲುತ್ತದೆ, ಕಣ್ಣಿನ ಹೊರಗೆ ಕಣ್ಣಿಗೆ ಕಾಣದ ಕಣಗಳು ಹೋಗಿದ್ದರೆ ಅವನ್ನು ಮುಟ್ಟುವುದಿಲ್ಲ. ನರಕ್ಕೆ ಇಳಿದಿರುವ ಅನುಮಾನ ಇರುವ ಕಣ್ಣಿಗೆ ಇದು ಸಲ್ಲದು. ಎರಡು, ಅದೇ ನಾಳ ಮುಚ್ಚಿಹೋಗಿ ಇದ್ದ ನೋಟವೂ ಹೋಗಬಹುದು, ಅಪರೂಪಕ್ಕೆ ಮೆದುಳಿಗೂ ತೊಂದರೆ ಆಗಬಹುದು, ನಳಿಕೆ ಕಣ್ಣಿನ ನಾಳ ಮುಟ್ಟಿದ ಕ್ಷಣ ಕೆಲವು ಮಕ್ಕಳ ಉಸಿರು ಬಿಗಿಯುತ್ತದೆ, ಅದಕ್ಕೆ ತಯಾರಿರುವ ಅರಿವಳಿಕೆ ತಜ್ಞರು ಬೇಕು. ಮೂರು, ತೀರಾ ಎಳೆಯ ಮಕ್ಕಳ ನಾಳ ಸಣ್ಣದು. ಎರಡು ಮೂರು ತಿಂಗಳ ಕೂಸಿಗೆ ಮೊದಲು ರಕ್ತನಾಳದ ಕೀಮೋ ಕೊಟ್ಟು, ಬೆಳೆದ ಮೇಲೆ ಇದಕ್ಕೆ ಬರುತ್ತಾರೆ. ನಾಲ್ಕನೆಯದೇ ದೊಡ್ಡದು: ಇದನ್ನು ಮಾಡುವ ಜಾಗಗಳು ಲೋಕದಲ್ಲಿ ಕಡಿಮೆ. ಕಣ್ಣಿನ ಕ್ಯಾನ್ಸರ್ ತಜ್ಞ, ಮಕ್ಕಳ ರಕ್ತನಾಳದಲ್ಲಿ ಕೈ ಪಳಗಿದ ರೇಡಿಯಾಲಜಿಸ್ಟ್, ಅರಿವಳಿಕೆ, ಐಸಿಯು, ಎಲ್ಲ ಒಂದೇ ಸೂರಿನಡಿ ಸಿಗಬೇಕು. ಕೇಳಲೇಬೇಕಾದ ಪ್ರಶ್ನೆ: "ಕಳೆದ ವರ್ಷ ಎಷ್ಟು ಮಕ್ಕಳಿಗೆ ಇಲ್ಲಿ ಮಾಡಿದ್ದೀರಿ?" ಉತ್ತರ ಹೇಳೋಕೆ ತಡವರಿಸಿದರೆ ಅದೂ ಒಂದು ಉತ್ತರವೇ.

ನನ್ನ ಅಭಿಪ್ರಾಯ ಕೇಳಿದರೆ, ಒಂದೇ ಕಣ್ಣಿನ ಡಿ ಗುಂಪು, ಅನುಭವದ ತಂಡ ಕೈಗೆಟುಕುವಷ್ಟು ಹತ್ತಿರ ಇದೆ ಅಂದರೆ ಹೊಸ ದಾರಿ ನೋಡಬಹುದು. ಆ ತಂಡಕ್ಕಾಗಿ ಎರಡು ತಿಂಗಳು ಕಾಯಬೇಕು, ಪ್ರತಿ ಸಲ ಸಾಲ ಮಾಡಿ ದೂರ ಹೋಗಬೇಕು, ಮೂರನೇ ಸಲ ಹೋಗೋಕೆ ಆಗುತ್ತೋ ಇಲ್ಲವೋ ಗೊತ್ತಿಲ್ಲ ಅನ್ನುವವರಿಗೆ ಹತ್ತಿರದಲ್ಲಿ ಪೂರ್ತಿ ಮುಗಿಸಬಹುದಾದ ಹಳೆಯ ದಾರಿಯೇ ಮೇಲು. ತೆಗೆಸುವುದೂ ಅದರಲ್ಲಿ ಸೇರಿತು. ವಾರ್ಡಿನಲ್ಲಿ ನಮ್ಮ ಪಕ್ಕದ ಹಾಸಿಗೆಯ ಕುಟುಂಬ ದೂರದ ಆಸ್ಪತ್ರೆಯ ಅಪಾಯಿಂಟ್‌ಮೆಂಟ್‌ಗಾಗಿ ಕಾದು ಕಾದು, ಡಿ ಅಂತ ಇದ್ದದ್ದು ಇ ಆಗಿ ವಾಪಸ್ ಬಂದಿದ್ದರು.

ಚಿಕ್ಕ ಗಡ್ಡೆಗೆ ಚಿಕ್ಕ ಆಯುಧ

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಇಲ್ಲಿ ಆಯ್ಕೆ ನಿಮ್ಮದಲ್ಲ, ಗಡ್ಡೆ ಕೂತ ಜಾಗದ್ದು. ರೆಟಿನಾದ ಹಿಂಭಾಗದಲ್ಲಿ ಸಣ್ಣ ಗಡ್ಡೆ ಇದ್ದರೆ ಲೇಸರ್. ಅಂಚಿನಲ್ಲಿ, ಮುಂದೆ ಇದ್ದರೆ ಕ್ರಯೋ, ಅಂದರೆ ಹೊರಗಿನಿಂದ ಹೆಪ್ಪುಗಟ್ಟಿಸುವುದು. ಒಂದೇ ಗಡ್ಡೆ, ಇವೆರಡಕ್ಕೂ ಬಗ್ಗದಷ್ಟು ದೊಡ್ಡದು ಅಂದರೆ ಪ್ಲೇಕ್, ಅಯೋಡಿನ್ ಅಥವಾ ರುಥೇನಿಯಂ ವಿಕಿರಣ ಇರುವ ಸಣ್ಣ ಬಿಲ್ಲೆಯನ್ನು ಕಣ್ಣುಗುಡ್ಡೆಯ ಹೊರಗೋಡೆಗೆ ಹೊಲಿದು ಕೆಲವು ದಿನ ಬಿಟ್ಟು ತೆಗೆಯುತ್ತಾರೆ. ಕಣ್ಣಿನೊಳಗಿನ ಲೋಳೆಯಲ್ಲಿ ಗಡ್ಡೆಯ ಪುಡಿ ತೇಲುತ್ತಿದ್ದರೆ ಅಲ್ಲಿಗೇ ಮೆಲ್ಫಲಾನ್ ಚುಚ್ಚುವ ಪದ್ಧತಿ ಇದೆ. ಕಣ್ಣಿಗೆ ಸೂಜಿ ಹಾಕಬಾರದು ಅಂತ ಮೇಲೆ ನಾನೇ ಬರೆದೆನಲ್ಲ, ನಿಜ. ಸ್ವಿಟ್ಜರ್ಲೆಂಡಿನ ಫ್ರಾನ್ಸಿಸ್ ಮ್ಯುನಿಯರ್ ತಂಡ 2012ರಲ್ಲಿ ಸುರಕ್ಷಿತ ವಿಧಾನ ತೋರಿಸಿತು: ಗಡ್ಡೆ ಇಲ್ಲದ ಜಾಗ ನೋಡಿ ಚುಚ್ಚುವುದು, ಒಳಗಿನ ಒತ್ತಡ ಮೊದಲೇ ಇಳಿಸುವುದು, ಸೂಜಿ ಹೊರಗೆ ಬರುವಾಗ ಆ ದಾರಿಯನ್ನು ಹೆಪ್ಪುಗಟ್ಟಿಸಿ ಮುಚ್ಚುವುದು. ಈ ಶಿಸ್ತು ಗೊತ್ತಿಲ್ಲದವರು ಮುಟ್ಟಬಾರದ ಕೆಲಸ.

ಹೊರಗಿನಿಂದ ಇಡೀ ಕಣ್ಣಿಗೆ ವಿಕಿರಣ ಕೊಡುವುದು ಒಂದು ಕಾಲಕ್ಕೆ ಕಣ್ಣು ಉಳಿಸುವ ಮುಖ್ಯ ದಾರಿಯಾಗಿತ್ತು. ಈಗ ಮೊದಲ ಆಯ್ಕೆಯಾಗಿ ಯಾರೂ ಹೇಳುವುದಿಲ್ಲ, ಹೇಳಿದರೆ ಯಾಕೆ ಅಂತ ಕೇಳಿ. ಮುಖದ ಮೂಳೆ ಬೆಳೆಯುವುದು ಕುಂಠಿತವಾಗಬಹುದು. ಅದಕ್ಕಿಂತ ಹೆಚ್ಚಾಗಿ, ಹುಟ್ಟಿನಿಂದಲೇ ಜೀನ್ ದೋಷ ಇರುವ ಮಕ್ಕಳಿಗೆ ಮುಂದೆ ಮೂಳೆ ಮತ್ತು ಸ್ನಾಯುಗಳಲ್ಲಿ ಇನ್ನೊಂದು ಕ್ಯಾನ್ಸರ್ ಬರುವ ಅಪಾಯವನ್ನು ಅದು ಏರಿಸುತ್ತದೆ. ಒಂದು ವರ್ಷ ತುಂಬದ ಕೂಸುಗಳಲ್ಲಿ ಇನ್ನೂ ಜಾಸ್ತಿ. ಕ್ಯಾನ್ಸರ್ ಕಣ್ಣು ದಾಟಿದಾಗ ವಿಕಿರಣಕ್ಕೆ ಇವತ್ತಿಗೂ ಕೆಲಸ ಇದೆ, ಅದು ಬೇರೆ.

ಎರಡೂ ಕಣ್ಣಿಗೆ ಬಂದಿದ್ದರೆ

ಲೆಕ್ಕಾಚಾರವೇ ಬದಲಾಗುತ್ತದೆ. ಒಂಟಿಕಣ್ಣಿನ ಕಾಯಿಲೆಯಲ್ಲಿ ನಾನು "ತೆಗೆಸಿ" ಅಂತ ಸಲೀಸಾಗಿ ಬರೆದೆ, ಯಾಕೆಂದರೆ ನನ್ನ ಮಗನಿಗೆ ಇನ್ನೊಂದು ಕಣ್ಣಿತ್ತು. ಇಲ್ಲಿ ಹಾಗಲ್ಲ. ಸಾಮಾನ್ಯವಾಗಿ ರಕ್ತನಾಳದ ಕೀಮೋದಿಂದ ಶುರು ಮಾಡುತ್ತಾರೆ, ಎರಡೂ ಕಣ್ಣಿಗೆ ಒಂದೇ ಔಷಧಿ ತಲುಪುತ್ತದೆ. ಅನುಭವದ ತಂಡಗಳು ಎರಡೂ ಕಣ್ಣಿನ ನಾಳಕ್ಕೆ ಒಂದೇ ದಿನ ಔಷಧಿ ಕೊಡುವುದೂ ಇದೆ. ತೀರಾ ಕೆಟ್ಟ ಕಣ್ಣನ್ನು ತೆಗೆಸಿ, ಉಳಿದದ್ದಕ್ಕೆ ಪೂರ್ತಿ ಗಮನ ಕೊಡುವುದೂ ಒಂದು ದಾರಿ. ಯಾವ ಕಣ್ಣು ಹೆಚ್ಚು ಕೆಟ್ಟದ್ದು ಅನ್ನುವುದನ್ನು ಮೊದಲ ದಿನವೇ ತೀರ್ಮಾನ ಮಾಡೋಕೆ ಆತುರ ಬೇಡ, ಎರಡು ಸುತ್ತು ಕೀಮೋ ಆದ ಮೇಲೆ ಚಿತ್ರ ಬದಲಾಗುತ್ತದೆ. ಈ ಮಕ್ಕಳಲ್ಲಿ ಅಪರೂಪಕ್ಕೆ ಮೆದುಳಿನ ನಡುವೆಯೂ ಇಂಥದೇ ಗಡ್ಡೆ ಬರಬಹುದು, ಎಂಆರ್‌ಐ ತೆಗೆಯುವಾಗ ತಲೆಯನ್ನೂ ಸೇರಿಸುವುದು ಅದಕ್ಕೇ.

ಜೀನ್ ಪರೀಕ್ಷೆ, ಇಲ್ಲದಿದ್ದರೆ ಪದೇ ಪದೇ ಕಣ್ಣಿನ ಪರೀಕ್ಷೆ

"ನಮ್ಮ ವಂಶದಲ್ಲಿ ಯಾರಿಗೂ ಇಲ್ಲ" ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬಹುಪಾಲು ಮಕ್ಕಳ ಮನೆಯಲ್ಲಿ ಯಾರಿಗೂ ಇರುವುದಿಲ್ಲ. ಆರ್‌ಬಿ1 ಅನ್ನುವ ಜೀನ್‌ನ ಎರಡೂ ಪ್ರತಿ ಕೆಟ್ಟಾಗ ಈ ಗಡ್ಡೆ ಹುಟ್ಟುತ್ತದೆ. ಆಲ್ಫ್ರೆಡ್ ನಡ್ಸನ್ 1971ರಲ್ಲಿ ಬರೀ 48 ಮಕ್ಕಳ ದಾಖಲೆ ಮುಂದಿಟ್ಟುಕೊಂಡು, ಆ ಜೀನ್ ಯಾವುದು ಅಂತ ಗೊತ್ತಿಲ್ಲದ ಕಾಲದಲ್ಲಿ, "ಎರಡು ಪೆಟ್ಟು ಬೇಕು" ಅಂತ ಲೆಕ್ಕ ಹಾಕಿ ಹೇಳಿದ್ದ. ಕ್ಯಾನ್ಸರ್ ವಿಜ್ಞಾನದ ದೊಡ್ಡ ಹೊಳಹುಗಳಲ್ಲಿ ಒಂದು ಹುಟ್ಟಿದ್ದು ಈ ಪುಟ್ಟ ಕಣ್ಣುಗಳಿಂದ. ಎರಡೂ ಕಣ್ಣಿಗೆ ಬಂದ ಮಕ್ಕಳಲ್ಲಿ ಒಂದು ಪೆಟ್ಟು ಹುಟ್ಟಿನಿಂದಲೇ ಇರುತ್ತದೆ. ಒಂದೇ ಕಣ್ಣಿಗೆ ಬಂದವರಲ್ಲೂ ಸುಮಾರು 15% ಮಕ್ಕಳಿಗೆ ಇರುತ್ತದೆ. ಇದ್ದರೆ ಅವರ ಮಕ್ಕಳಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ.

ರಕ್ತದ ಪರೀಕ್ಷೆ ಸಿಗುವಂತಿದ್ದರೆ ಮಾಡಿಸಿ. ಮಗುವಿನಲ್ಲಿ ದೋಷ ಯಾವುದು ಅಂತ ಗೊತ್ತಾಗಿ, ತಮ್ಮನಿಗೋ ತಂಗಿಗೋ ಅದು ಇಲ್ಲ ಅಂತ ಬಂದರೆ, ಅವರನ್ನು ತಿಂಗಳಿಗೊಮ್ಮೆ ಪಾಪೆ ಹಿಗ್ಗಿಸಿ, ಅರಿವಳಿಕೆ ಕೊಟ್ಟು ನೋಡುವ ಗೋಳು ತಪ್ಪುತ್ತದೆ. ಪರೀಕ್ಷೆ ಸಿಗದಿದ್ದರೆ ಆ ಗೋಳನ್ನೇ ಒಪ್ಪಿಕೊಳ್ಳಬೇಕು: ಹೊಸ ಕೂಸು ಹುಟ್ಟಿದ ಮೊದಲ ವಾರವೇ ಕಣ್ಣು ತೋರಿಸಿ, ಆಮೇಲೆ ಹೇಳಿದ ದಿನಕ್ಕೆ ತಪ್ಪದೆ ಹೋಗಿ. ನಮಗೆ ರಿಪೋರ್ಟ್ ಬಂದಾಗ ದೋಷ ಕಾಣಲಿಲ್ಲ ಅಂತ ಇತ್ತು. ಪೂರ್ತಿ ನಿರಾಳ ಅಲ್ಲ, ಮೈಯ ಕೆಲವೇ ಕಣಗಳಲ್ಲಿ ದೋಷ ಇದ್ದರೆ ರಕ್ತದಲ್ಲಿ ಸಿಗದೇ ಇರಬಹುದು, ಹಾಗಾಗಿ ಬಲಗಣ್ಣಿನ ತಪಾಸಣೆ ನಡೆದೇ ಇತ್ತು.

ಇನ್ನು ಹನಿ, ಲೇಪ, ಕಷಾಯ ಇತ್ಯಾದಿ. ಇವನ್ನು ನಾನು ಹೋಲಿಕೆಗೇ ತೆಗೆದುಕೊಂಡಿಲ್ಲ. ಗಡ್ಡೆ ಕಣ್ಣಿನ ಒಳಗೋಡೆಯಲ್ಲಿದೆ, ಹೊರಗಿನ ಲೇಪ ಅಲ್ಲಿಗೆ ಹೋಗುವುದಿಲ್ಲ. "ಒಂದು ತಿಂಗಳು ನೋಡೋಣ" ಅಂತ ಹೇಳುವ ದೊಡ್ಡವರು ಪ್ರೀತಿಯಿಂದಲೇ ಹೇಳುತ್ತಾರೆ. ನಮ್ಮಮ್ಮನೂ ಹೇಳಿದ್ದರು. ಅವರಿಗೆ ಎಂಆರ್‌ಐ ಚಿತ್ರ ತೋರಿಸಿ, ಬಿಳಿ ಗಡ್ಡೆಯನ್ನೂ ಅದರ ಹಿಂದೆ ಮೆದುಳಿನ ಕಡೆಗೆ ಹೋಗುವ ನರವನ್ನೂ ಬೆರಳಲ್ಲಿ ತೋರಿಸಿದೆ. ಎಷ್ಟು ಹತ್ತಿರ ಅಂತ ಕಂಡ ಮೇಲೆ ಅವರೇ ಬ್ಯಾಗ್ ತುಂಬಿಸಿದರು.

ಯಾವ ದಾರಿ ಹಿಡಿದರೂ ಮುಂದಿನ ಕೆಲವು ವರ್ಷ ತಪಾಸಣೆಯ ತಾರೀಕುಗಳು ನಿಮ್ಮ ಕ್ಯಾಲೆಂಡರ್ ಆಳುತ್ತವೆ. ಉಳಿಸಿದ ಕಣ್ಣಾದರೆ ಶುರುವಿನಲ್ಲಿ ಮೂರು ನಾಲ್ಕು ವಾರಕ್ಕೊಮ್ಮೆ, ಯಾಕೆಂದರೆ ಗಡ್ಡೆ ಮರಳುವುದು ಸಾಮಾನ್ಯ. ತೆಗೆಸಿದ್ದಾದರೆ ಸ್ವಲ್ಪ ಸಡಿಲ. ಆಸ್ಪತ್ರೆ ಆರಿಸುವಾಗ ಸರ್ಜರಿಯ ಹೆಸರಿನಷ್ಟೇ ಇದಕ್ಕೂ ತೂಕ ಕೊಡಿ, ಅಲ್ಲಿಗೆ ಇಪ್ಪತ್ತು ಸಲ ಹೋಗೋಕೆ ಆಗುತ್ತಾ ಅಂತ. ಒಂಟಿ ಕಣ್ಣು ಉಳಿದ ಮಗುವಿಗೆ ಸುಲಭಕ್ಕೆ ಒಡೆಯದ ಪಾಲಿಕಾರ್ಬೊನೇಟ್ ಲೆನ್ಸ್‌ನ ಕನ್ನಡಕ ಹಾಕಿಸಿ, ನಂಬರ್ ಇಲ್ಲದಿದ್ದರೂ. ಇರುವ ಒಂದನ್ನು ಚೆಂಡಿನಿಂದ, ಪೆನ್ಸಿಲ್‌ನಿಂದ ಕಾಪಾಡೋಕೆ.

ಮಗನಿಗೆ ಈಗ ಎಂಟು. ಮೆಟ್ಟಿಲು ಇಳಿಯುವಾಗ, ಲೋಟಕ್ಕೆ ನೀರು ಸುರಿಯುವಾಗ ಮೊದಲ ಕೆಲವು ತಿಂಗಳು ಅಂದಾಜು ತಪ್ಪುತ್ತಿತ್ತು, ಆಮೇಲೆ ಲೋಟದ ಅಂಚಿಗೆ ಜಗ್ಗಿನ ಮೂತಿ ತಾಗಿಸಿ ಸುರಿಯುವುದನ್ನು ತಾನೇ ಕಲಿತ. ಇವತ್ತಿಗೂ ಹಾಗೇ ಸುರಿಯುತ್ತಾನೆ, ಒಂದು ಹನಿ ಚೆಲ್ಲದೆ. ಎಡಗಡೆಯಿಂದ ಯಾರಾದರೂ ಸದ್ದಿಲ್ಲದೆ ಬಂದರೆ ಬೆಚ್ಚುತ್ತಾನೆ, ಹಾಗಾಗಿ ಮನೆಯಲ್ಲಿ ಎಲ್ಲರೂ ಅವನ ಬಲಗಡೆ ಕೂರುತ್ತೇವೆ. ಹೋದ ವಾರ ಕನ್ನಡಿ ಮುಂದೆ ನಿಂತು ಕೃತಕ ಕಣ್ಣನ್ನು ತಾನೇ ಹಾಕಿಕೊಳ್ಳೋಕೆ ನೋಡುತ್ತಿದ್ದ. ತಲೆಕೆಳಗಾಗಿ ಹಾಕಿಕೊಂಡು ಬಂದು "ಸರಿ ಇದೆಯಾ?" ಅಂತ ಕೇಳಿದ. ಇಲ್ಲ ಅಂದೆ. ಮತ್ತೆ ಕನ್ನಡಿ ಹತ್ತಿರ ಹೋದ.